ಜಿಪ್ಸಿ ಲಿಫ್ಟ್ ಕೆಲಸದ ಲೋಪ: ಗಾಡಿಯನ್ನು ಮೊದಲಿನಂತೆ ಮಾಡಿಕೊಡುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಫೋರ್ ಬೈ ಫೋರ್ ಮಾಡಿಫಿಕೇಶನ್ ವರ್ಕ್‌ಶಾಪ್,
ಬಳ್ಳಾರಿ

ಮಾನ್ಯರೇ,

ನನ್ನ ಮಾರುತಿ ಜಿಪ್ಸಿಗೆ ಎರಡು ಇಂಚು ಲಿಫ್ಟ್ (ಗಾಡಿಯ ಮೈ ಎತ್ತರಿಸುವುದು), 235/75 ಆರ್15 ಟೈರು, ಓಪನ್ ಏರ್ ಫಿಲ್ಟರ್, ಎರಡೂ ಡಿಫರೆನ್ಷಿಯಲ್‌ಗೆ (ಆಕ್ಸಲ್ಲಿನ ಗೇರ್ ಡಬ್ಬಿ) ಹೊಸ ಆಯಿಲ್ ಎಂದು ನೀವು ಬಿಲ್ ಮಾಡಿದ್ದೀರಿ. ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ಗಾಡಿ 600 ಕಿ.ಮೀ. ಓಡುವಷ್ಟರಲ್ಲಿ ಹೆದ್ದಾರಿಗೆ ಇಳಿಸಲು ಭಯವಾಗುವ ಸ್ಥಿತಿಗೆ ಬಂದಿದೆ. ಫೋನ್ ಮಾಡಿದರೆ "ಲಿಫ್ಟ್ ಮಾಡಿದ ಗಾಡಿ ಸ್ವಲ್ಪ ಅಲ್ಲಾಡೋದೇ ಸರ್" ಎಂದಿರಿ. ಸರಿಯಾಗಿ ಲಿಫ್ಟ್ ಮಾಡಿದ ಜಿಪ್ಸಿ ಅಲ್ಲಾಡುವುದಿಲ್ಲ. ಇದು ಯಾಕೆ ಅಲ್ಲಾಡುತ್ತಿದೆ ಎಂದು ಅಳತೆ ಸಮೇತ ಬರೆಯುತ್ತಿದ್ದೇನೆ.

ನೀವು ಹಾಕಿರುವುದು ಮೂಲಕ್ಕಿಂತ 50 ಮಿ.ಮೀ. ಉದ್ದದ ಶಾಕಲ್, ಅಂದರೆ ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಪಟ್ಟಿ. ಶಾಕಲ್ ಇರುವುದು ಲೀಫ್ ಸ್ಪ್ರಿಂಗಿನ ಒಂದು ತುದಿಗೆ, ಆಕ್ಸಲ್ ಕೂತಿರುವುದು ನಡುವೆ. ಆದ್ದರಿಂದ ಸಿಗುವುದು ಅದರ ಅರ್ಧ ಎತ್ತರ. ಚಕ್ರದ ಹಬ್ಬಿನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದರೆ, ನಿಮ್ಮಲ್ಲಿ ಗಾಡಿ ಬಿಡುವ ಮುಂಚೆ ಬರೆದಿಟ್ಟ ಅಳತೆಗಿಂತ ಮುಂದೆ 24, ಹಿಂದೆ 26 ಮಿ.ಮೀ. ಹೆಚ್ಚಿದೆ. ಎರಡು ಇಂಚಿನ ದುಡ್ಡಿಗೆ ಒಂದು ಇಂಚು ಬಂದಿದೆ. ಇಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ.

ಜಿಪ್ಸಿಯ ಮುಂದಿನ ಶಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿದೆ. ಅಲ್ಲಿ ಉದ್ದ ಮಾಡಿದರೆ ಸ್ಪ್ರಿಂಗಿನ ಮೂತಿ ಕೆಳಗಿಳಿದು, ಜೊತೆಗೆ ಆಕ್ಸಲ್ಲೂ ತಿರುಗಿ, ಕಿಂಗ್‌ಪಿನ್ನಿನ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟ) ತಲೆ ಮುಂದಕ್ಕೆ ವಾಲುತ್ತದೆ. ಸುಮಾರು 900 ಮಿ.ಮೀ. ಸ್ಪ್ರಿಂಗಿಗೆ 50 ಮಿ.ಮೀ. ಇಳಿತವೆಂದರೆ 3 ಡಿಗ್ರಿ ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಓರೆ, ಹೋದಂತೆ. ಕೆಲಸಕ್ಕೆ ಮುಂಚಿನ ಅಲೈನ್‌ಮೆಂಟ್ ಹಾಳೆಯಲ್ಲಿ ಮೂರೂವರೆ ಡಿಗ್ರಿಯ ಆಸುಪಾಸು ಇದ್ದದ್ದು ಈಗ ಎಡಕ್ಕೆ 0.4, ಬಲಕ್ಕೆ 0.6. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಮುಖ್ಯವಾಗಿ ಕ್ಯಾಸ್ಟರಿನಿಂದ. ಈಗ ಅದು ಬರುವುದಿಲ್ಲ, ಕೈಯಿಂದ ತರಬೇಕು. ತೋರಣಗಲ್ಲು ಕಡೆ ಅದಿರು ಲಾರಿಗಳು ಕೆಡಿಸಿದ ರಸ್ತೆಯಲ್ಲಿ ಒಂದು ಗುಂಡಿ ತಾಗಿದರೆ ಸಾಕು, 55-60ರ ವೇಗದಲ್ಲಿ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ಶುರು ಮಾಡುತ್ತವೆ. ವೇಗ 30ಕ್ಕೆ ಇಳಿಯುವವರೆಗೆ ನಿಲ್ಲುವುದಿಲ್ಲ.

ಗಾಡಿ ವಾಪಸು ತಂದಾಗ ನೀವು ಮಾಡಿದ್ದು ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿ ಅದಕ್ಕೂ ದುಡ್ಡು ತೆಗೆದುಕೊಂಡದ್ದು. ಡ್ಯಾಂಪರ್ ನಡುಕವನ್ನು ಮುಚ್ಚುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ಬೇರೆ ಕಾರಣಗಳನ್ನು ನಾನು ನೋಡಿಯೇ ಬರೆಯುತ್ತಿದ್ದೇನೆ. ಚಕ್ರ ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಆಟ (ಸಡಿಲ) ಇಲ್ಲ. ಅಲ್ಲಿ ಆಟ ಕಂಡು, ಬ್ರೇಕ್ ಒತ್ತಿದಾಗ ಅದು ಹೋದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್‌ಪಿನ್ ಎನ್ನಬಹುದಿತ್ತು. ಟೈ ರಾಡ್ ಎಂಡ್‌ಗಳೂ ಬಿಗಿಯಾಗಿವೆ, ಬ್ಯಾಲೆನ್ಸಿಂಗ್ ಎರಡು ಸಲ ಮಾಡಿಸಿದ್ದೇನೆ. ಉಳಿಯುವುದು ಕ್ಯಾಸ್ಟರ್ ಒಂದೇ. ಆಕ್ಸಲ್ ಪ್ಯಾಡಿಗೂ ಸ್ಪ್ರಿಂಗಿಗೂ ನಡುವೆ ದಪ್ಪ ಬದಿ ಮುಂದಿರುವಂತೆ ಓರೆ ಶಿಮ್ (ಬೆಣೆಯಂಥ ತುಂಡು) ಹಾಕಿದರೆ ಕ್ಯಾಸ್ಟರ್ ಬರುತ್ತದೆ ನಿಜ, ಆದರೆ ಆಗ ಪಿನಿಯನ್ (ಡಿಫರೆನ್ಷಿಯಲ್‌ಗೆ ಶಾಫ್ಟ್ ಸೇರುವ ಗೇರ್) ಮೂಗು ಕೆಳಗೆ ಬಾಗಿ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಹೊರೆ. ಹಾಗಾಗಿ ಶಿಮ್ ಹಾಕಿಕೊಡುತ್ತೇವೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ಶಾಕಲ್ಲಿನ ರಬ್ಬರ್ ಬುಷ್‌ಗಳ ಗತಿಯೂ ನೋಡಬೇಕು. ಗಾಡಿ ಜಾಕಿಯ ಮೇಲಿದ್ದು ಸ್ಪ್ರಿಂಗ್ ಜೋತಾಡುತ್ತಿರುವಾಗಲೇ ನಿಮ್ಮವರು ಬೋಲ್ಟ್ ಪೂರ್ತಿ ಬಿಗಿದಿದ್ದಾರೆ. ಹಾಗೆ ಬಿಗಿದರೆ ಚಕ್ರ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಮುಂದಿನ ಎಡ ಬುಷ್ ಈಗಲೇ ಬಾಯಿ ಬಿಟ್ಟಿದೆ, ಬೆರಳಿನಿಂದ ಒತ್ತಿದರೆ ಕಪ್ಪು ಚೂರು ಉದುರುತ್ತದೆ. ಕೊನೆಯ ಬಿಗಿತ ನಾಲ್ಕೂ ಚಕ್ರ ನೆಲದ ಮೇಲಿರುವಾಗ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದಲೇ ಆಗಬೇಕು.

ಹಿಂದಿನ ಬ್ರೇಕ್ ಹೋಸ್ ಬದಲಿಸಿಲ್ಲ. ಚಾಸಿ ಎತ್ತಿ ಆಕ್ಸಲ್ ಜೋತುಬಿಟ್ಟರೆ ಅದು ತಂತಿಯಂತೆ ಸೆಟೆಯುತ್ತದೆ. ಗುಡ್ಡದ ಇಳಿಜಾರಿನಲ್ಲಿ ಅದು ಕಿತ್ತರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ.

ಆಯಿಲ್ ಬದಲಿಸಿದವರು ಆಕ್ಸಲ್ ಬ್ರೀದರ್ (ಒಳಗಿನ ಗಾಳಿ ಹೋಗಿಬರುವ ಕಿಂಡಿ) ಮುಟ್ಟಿಲ್ಲ. ಅದರ ಬಾಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಆ ಎಳೆತ ಸೀಲ್‌ಗಳ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮೊಣಕಾಲುದ್ದವೂ ಇಲ್ಲದ ಒಂದು ಹಳ್ಳ ದಾಟಿದ ಮೇಲೆ ಮುಂದಿನ ಡ್ರೈನ್ ಬೋಲ್ಟ್ ತೆಗೆದರೆ ಸುರಿದದ್ದು ಹಾಲು ಹೆಚ್ಚಾದ ಚಹಾದ ಬಣ್ಣದ ಆಯಿಲ್. ಶೀಶೆಯಲ್ಲಿ ಹಿಡಿದಿಟ್ಟಿದ್ದೇನೆ.

ಏರ್ ಫಿಲ್ಟರಿನ ವಿಷಯಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ. ಸಂಡೂರಿನ ದೂಳು ಹೊಲದ ದೂಳಲ್ಲ, ಹೆಮಟೈಟ್ ಅದಿರಿನ ನಯವಾದ ಪುಡಿ. ಅದಕ್ಕೆ ಕಂಪನಿಯ ಮುಚ್ಚಿದ ಡಬ್ಬಿ ಮತ್ತು ಪೇಪರ್ ಎಲಿಮೆಂಟೇ ಬೇಕು. ನೀವು ಅದನ್ನು ತೆಗೆದು ಬಾನೆಟ್ ಕೆಳಗೆ ತೆರೆದ ಹತ್ತಿ ಕೋನ್ ಕೂರಿಸಿದ್ದೀರಿ. ಫಿಲ್ಟರ್ ದಾಟಿದ ಪೈಪಿನ ಒಳಗೆ ಬೆರಳಾಡಿಸಿದರೆ ಕುಂಕುಮ ಹಚ್ಚಿದ ಹಾಗೆ ಕೆಂಪಾಗುತ್ತದೆ. ಆ ಪುಡಿ ಪಿಸ್ಟನ್ ರಿಂಗ್‌ಗಳನ್ನು ಉಜ್ಜುತ್ತಿದೆ.

ಟೈರು ಮೂಲದ 205/70 ಆರ್15ಕ್ಕಿಂತ ಸುಮಾರು ಹತ್ತು ಪರ್ಸೆಂಟ್ ಎತ್ತರ. ಮೀಟರ್ 60 ತೋರಿಸಿದಾಗ ನಿಜವಾದ ವೇಗ 66. ಇದನ್ನೂ ನೀವು ತಿಳಿಸಿಲ್ಲ. "ಆರ್‌ಟಿಒ ತೊಂದರೆ ಇಲ್ಲ" ಎಂದು ಮಾತ್ರ ಹೇಳಿದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಎರಡೂ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ. ಈ ಕೆಲಸ ಮಾಡುವ ನಿಮಗೆ ಅದು ಗೊತ್ತಿರಬೇಕಿತ್ತು, ಗ್ರಾಹಕನಿಗೆ ಹೇಳಬೇಕಿತ್ತು.

ಆದ್ದರಿಂದ ನನ್ನ ಬೇಡಿಕೆ: ಮೂಲ ಶಾಕಲ್, ಮೂಲ ಏರ್ ಬಾಕ್ಸ್, ಹಳೆ ಟೈರು ನಿಮ್ಮಲ್ಲೇ ಇವೆ, ಅವನ್ನೇ ಮರಳಿ ಹಾಕಬೇಕು. ದಯವಿಟ್ಟು ಗುಜರಿಗೆ ಕೊಡಬೇಡಿ. ಜಿಪ್ಸಿಯ ಸಾಮಾನ್ಯ ಮಾರಾಟ 2019ರಲ್ಲೇ ನಿಂತಿದೆ, ಮೂಲ ಭಾಗಕ್ಕೆ ಈಗ ಊರೂರು ಅಲೆಯಬೇಕು. ಬುಷ್‌ಗಳೂ ಹಿಂದಿನ ಬ್ರೇಕ್ ಹೋಸೂ ಹೊಸದಾಗಬೇಕು. ಎರಡೂ ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಿ, 50 ಕಿ.ಮೀ. ಓಡಿಸಿ, ಅದನ್ನು ಚೆಲ್ಲಿ ಮತ್ತೆ ಹೊಸದು ತುಂಬಬೇಕು; ಒಂದೇ ಸಲಕ್ಕೆ ನೀರು ಪೂರ್ತಿ ಹೋಗುವುದಿಲ್ಲ. ಬ್ರೀದರಿಗೆ ಹೋಸ್ ಜೋಡಿಸಿ ಎಂಜಿನ್ ಕೋಣೆಯ ಮೇಲ್ಭಾಗದವರೆಗೆ ತರಬೇಕು. ಕೊನೆಗೆ ಕ್ಯಾಸ್ಟರ್ ಅಂಕಿ ಇರುವ ಅಲೈನ್‌ಮೆಂಟ್ ಹಾಳೆ ಕೈಗೆ ಕೊಡಬೇಕು. ಲಿಫ್ಟ್, ಡ್ಯಾಂಪರ್, ಫಿಲ್ಟರ್, ಟೈರುಗಳ ಹಣ ವಾಪಸಾಗಬೇಕು.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಇಲ್ಲವಾದರೆ ಬಳ್ಳಾರಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಬಿಲ್ಲುಗಳು, ಎರಡು ಅಲೈನ್‌ಮೆಂಟ್ ಹಾಳೆ, ಫೋಟೋಗಳು ಜೊತೆಗಿವೆ. ಆಯಿಲ್ ಶೀಶೆಯನ್ನು ಯಾವಾಗ ಬೇಕಾದರೂ ಬಂದು ನೋಡಬಹುದು.

ಇಂತಿ,
ಜಿಪ್ಸಿ ಮಾಲೀಕ
ಸಂಡೂರು, ಬಳ್ಳಾರಿ ಜಿಲ್ಲೆ