ಬಗರ್ ಹುಕುಂ ಅರ್ಜಿಗೆ ಉತ್ತರ ಯಾವಾಗ?

ಸಂಪಾದಕರಿಗೆ ನಮಸ್ಕಾರ.

ಸರ್ಕಾರಿ ಜಮೀನನ್ನು ಅನುಮತಿಯಿಲ್ಲದೆ ಉಳುತ್ತಾ ಬಂದವರು ಅದನ್ನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಹಾಕಿದ ಬಗರ್ ಹುಕುಂ ಅರ್ಜಿಗಳ ವಿಲೇವಾರಿಗೆ ಸರ್ಕಾರ ಗಡುವು ಹೇಳುತ್ತಲೇ ಇದೆ. ಗಡುವು ಮುಗಿಯುತ್ತದೆ, ಅರ್ಜಿ ಹಾಕಿದವರು ತಾಲ್ಲೂಕು ಕಚೇರಿಗೆ ಅಲೆಯುವುದು ಮಾತ್ರ ತಪ್ಪಿಲ್ಲ. ಇದಕ್ಕೆ ಅರ್ಜಿ ನಮೂನೆ 50 ಬಂದದ್ದು 1991ರಲ್ಲಿ, ಆಮೇಲೆ 1998-99ರಲ್ಲಿ ನಮೂನೆ 53, 2018ರಲ್ಲಿ ನಮೂನೆ 57. 53ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಇಪ್ಪತ್ತೈದು ವರ್ಷ ದಾಟಿದೆ. ಹೌದು ಅಥವಾ ಇಲ್ಲ ಅಂತ ಹೇಳೋಕೆ ಇಷ್ಟು ವರ್ಷ ಬೇಕಾ?

ನನ್ನ ದೊಡ್ಡಪ್ಪನದೂ ಅಂಥದ್ದೇ ಅರ್ಜಿ. ಊರಾಚೆ ಎರಡು ಎಕರೆ ಚಿಲ್ಲರೆ ಸರ್ಕಾರಿ ಜಮೀನು. ಜಾಲಿ ಕಡಿದು, ಕಲ್ಲು ಆಯ್ದು, ಬದು ಹಾಕಿ ರಾಗಿ, ಅವರೆ ಬೆಳೆಯುತ್ತಾ ಬಂದಿದ್ದಾರೆ. ದಂಡ ಕಟ್ಟಿದ ರಸೀದಿ, ಅರ್ಜಿ ಕೊಟ್ಟಿದ್ದಕ್ಕೆ ಸಿಕ್ಕ ಸ್ವೀಕೃತಿ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದಾರೆ. ಸ್ವೀಕೃತಿಯ ಅಕ್ಷರ ಮಾಸಿ ಈಗ ಸೀಲಿನ ಅರ್ಧ ಮಾತ್ರ ಕಾಣುತ್ತೆ. ಕಚೇರಿಯಲ್ಲಿ ಕೇಳಿದರೆ ಕಡತ ಸಿಗ್ತಿಲ್ಲ ಅನ್ನುತ್ತಾರೆ. ಕಡತ ಕಳೆದದ್ದು ಅಲ್ಲಿ, ದಾಖಲೆ ಹೊಂದಿಸಬೇಕಾದವರು ಇವರು. ಇದು ಯಾವ ನ್ಯಾಯ?

ಜಮೀನಿನ ದಾಖಲೆಯಾದ ಪಹಣಿಯಲ್ಲಿ ಹೆಸರಿಲ್ಲ ಅಂದ್ರೆ ಏನಾಗುತ್ತೆ ಅನ್ನೋದು ಪೇಟೆಯಲ್ಲಿರುವವರಿಗೆ ಗೊತ್ತಿರಲಿಕ್ಕಿಲ್ಲ. ಸೊಸೈಟಿಯಲ್ಲಿ ಬೆಳೆ ಸಾಲ ಇಲ್ಲ, ಕಿಸಾನ್ ಸಮ್ಮಾನ್ ಹಣ ಇಲ್ಲ, ಮಳೆ ಕೈಕೊಟ್ಟ ವರ್ಷ ಪಕ್ಕದ ಹೊಲದವರಿಗೆ ಬರ ಪರಿಹಾರ ಬಂದರೂ ಇವರಿಗೆ ಇಲ್ಲ. ಸಾಲ ಬೇಕು ಅಂದ್ರೆ ಬಡ್ಡಿಗೆ ಕೊಡುವವರ ಮನೆಗೇ ಹೋಗಬೇಕು.

ತಡ ಆದಷ್ಟೂ ಅರ್ಜಿದಾರರ ಕೈಯಲ್ಲಿದ್ದ ಸಾಕ್ಷಿಯೂ ಹೋಗುತ್ತದೆ. ನಮೂನೆ 50 ಮತ್ತು 53ಕ್ಕೆ 1990ರ ಏಪ್ರಿಲ್ 14ಕ್ಕೂ ಮುಂಚಿನಿಂದ ಸಾಗುವಳಿ ಇತ್ತು ಅಂತ ತೋರಿಸಬೇಕು. ಆಗ ಇವರು ಉಳುತ್ತಿದ್ದುದನ್ನು ಕಣ್ಣಾರೆ ಕಂಡು ಮಹಜರಿಗೆ ಸಹಿ ಹಾಕಬಲ್ಲ ಹಿರಿಯರು ಈಗ ಊರಲ್ಲಿ ಎಷ್ಟು ಜನ ಉಳಿದಿದ್ದಾರೆ? ಇನ್ನೊಂದು ವಿಷಯ ನನಗೆ ಜಾಸ್ತಿ ಸಿಟ್ಟು ತರಿಸುತ್ತದೆ. ನಗರಸಭೆ ಗಡಿಯಿಂದ 5 ಕಿ.ಮೀ. ಒಳಗಿನ ಜಮೀನು, ಪುರಸಭೆಯಾದರೆ 3 ಕಿ.ಮೀ. ಒಳಗಿನದು ಮಂಜೂರಾಗುವುದಿಲ್ಲ. ಅರ್ಜಿ ಹಾಕಿದಾಗ ದೂರ ಇದ್ದ ಪೇಟೆ ಇಷ್ಟು ವರ್ಷದಲ್ಲಿ ಬೆಳೆದು ಹೊಲದ ಹತ್ತಿರಕ್ಕೇ ಬಂದರೆ ಅದು ರೈತನ ತಪ್ಪಾ?

ಅರ್ಜಿಗಳನ್ನು ತೀರ್ಮಾನಿಸುವ ತಾಲ್ಲೂಕಿನ ಬಗರ್ ಹುಕುಂ ಸಮಿತಿಗೆ ಶಾಸಕರು ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಚುನಾವಣೆ ಬಂತು ಅಂದ್ರೆ ಸಭೆ ನಿಂತಿತು. ಹೊಸ ಸಮಿತಿ ಆಗುವವರೆಗೆ ಅರ್ಜಿಗಳು ಸುಮ್ನೆ ಬಿದ್ದಿರುತ್ತವೆ. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಆ್ಯಪ್ ತಂದು, ಉಪಗ್ರಹ ಚಿತ್ರ ನೋಡಿ ತೀರ್ಮಾನಿಸುವ ವ್ಯವಸ್ಥೆ ಮಾಡಿದ್ದು ಒಳ್ಳೆಯದೇ, ಸುಳ್ಳು ಅರ್ಜಿಗೆ ಅದರಿಂದ ಕಡಿವಾಣ ಬೀಳುತ್ತದೆ. ಆದರೆ ಮಲೆನಾಡಿನಲ್ಲಿ ಮರದ ನೆರಳಲ್ಲಿ ಅರ್ಧ ಎಕರೆ ಕಾಫಿ, ಮೆಣಸು ಹಾಕಿಕೊಂಡವರ ಸಾಗುವಳಿ ಮೇಲಿನಿಂದ ಬರೀ ಹಸಿರಾಗಿ ಕಾಣಬಹುದು ಅಲ್ವಾ? ಅಂಥ ಕಡೆ ಅಧಿಕಾರಿಗಳು ಸ್ಥಳಕ್ಕೇ ಬಂದು ನೋಡಬೇಕು.

ಅರ್ಜಿ ಹಾಕಿದ ಎಲ್ಲರಿಗೂ ಕೊಡಿ ಅಂತ ನಾನು ಹೇಳುತ್ತಿಲ್ಲ. ಗೋಮಾಳದಲ್ಲಿ ಊರಿನ ದನಗಳಿಗೆ ಬೇಕಾದಷ್ಟು, ನೂರು ದನಕ್ಕೆ 30 ಎಕರೆ, ಉಳಿಯಲೇಬೇಕು. ಮೊದಲೇ ಸಾಕಷ್ಟು ಜಮೀನು ಇರುವವರ ಅರ್ಜಿ ವಜಾ ಆಗಲಿ. ಆದರೆ ಸರ್ಕಾರಿ ಜಾಗದಲ್ಲಿ ಕಾಫಿ ತೋಟ ಮಾಡಿಕೊಂಡವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋಕೆ ಕಾನೂನು ತಿದ್ದಲು ಆಗುತ್ತೆ, ಎರಡು ಎಕರೆಯವರ ಕಡತ ಹುಡುಕೋಕೆ ಆಗಲ್ಲ ಅಂದ್ರೆ ನಂಬೋದು ಕಷ್ಟ.

ಪ್ರತಿ ಅರ್ಜಿಯ ಸ್ಥಿತಿಯನ್ನು ಗ್ರಾಮ ಪಂಚಾಯಿತಿ ಬೋರ್ಡಿನಲ್ಲಿ ಹಾಕಿ. ವಜಾ ಮಾಡುವ ಮುಂಚೆ ನೋಟಿಸ್ ಕೊಟ್ಟು ಅವರ ಮಾತು ಕೇಳಿ, ವಜಾ ಮಾಡಿದರೆ ಕಾರಣವನ್ನು ಬರೆದು ಕೈಗೆ ಕೊಡಿ, ಮೇಲ್ಮನವಿಗಾದರೂ ದಾರಿ ಇರಲಿ. ಕಡತ ಕಳೆದಿದ್ದರೆ ಅರ್ಜಿದಾರರ ಹತ್ತಿರ ಇರುವ ಸ್ವೀಕೃತಿಯನ್ನೇ ಆಧಾರ ಮಾಡಿಕೊಂಡು ಹೊಸ ಕಡತ ತೆರೆಯಿರಿ. ಮಂಜೂರಾದವರಿಗೆ ಸಾಗುವಳಿ ಚೀಟಿ ಕೊಡುವಾಗಲೇ ಅಳತೆ, ಪೋಡಿ (ಜಮೀನನ್ನು ಬೇರ್ಪಡಿಸಿ ಪ್ರತ್ಯೇಕ ಸರ್ವೆ ನಂಬರ್ ಕೊಡುವುದು) ಮುಗಿಸಿ ಪಹಣಿ ಮಾಡಿಕೊಡಿ. ಚೀಟಿ ಸಿಕ್ಕಿದರೂ ಪೋಡಿ ಆಗದೆ ಕೂತಿರುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ, ಅವರದ್ದನ್ನೂ ಇದರ ಜೊತೆಗೇ ಮುಗಿಸಿ.

ಒಬ್ಬ ಓದುಗ, ತುಮಕೂರು ಜಿಲ್ಲೆ