ಇಗರ್ಜಿಗೆ ಹೋಗುವ ಅಪ್ಪ: ಮಗಳಿಗೊಂದು ಪತ್ರ

ಚಿ. ಸೌ. ಮಗಳಿಗೆ ಆಶೀರ್ವಾದಗಳು. ಉಭಯ ಕುಶಲೋಪರಿ.

ಅಪ್ಪ ಶುಕ್ರವಾರ ಸಂಜೆಗಳಲ್ಲಿ ಇಗರ್ಜಿಗೆ ಹೋಗುತ್ತಾರೆಂಬ ಸುದ್ದಿ ನಿನ್ನ ಚಿಕ್ಕಮ್ಮನ ಮೂಲಕ ಬೆಂಗಳೂರಿಗೆ ತಲುಪಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಮತ ಬದಲಿಸುವ ಯೋಚನೆಯೇ ಎಂದು ನೀನು ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಇಲ್ಲ. ಯೇಸುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನೇ ಬರೆದ ಗೋವಿಂದ ಪೈಗಳು ನಮ್ಮ ಮಂಜೇಶ್ವರದವರು. ಬರೆದರೆಂದು ಅವರೇನೂ ಕ್ರೈಸ್ತರಾಗಲಿಲ್ಲವೆಂದು ಚಿಕ್ಕಮ್ಮನಿಗೆ ಹೇಳು. ನಿನ್ನ ಅಮ್ಮನಿಗಂತೂ ಚಿಂತೆಯೇ ಇಲ್ಲ. ಇಲ್ಲಿಯ ದೇವರನ್ನೇ ನಂಬದವರು ಅಲ್ಲಿಯ ದೇವರನ್ನು ನಂಬುವುದುಂಟೇ ಎಂದು ನಕ್ಕು ಸುಮ್ಮನಾದಳು.

ಕರೆದವರು ನನ್ನೊಡನೆ ಶಾಲೆಯಲ್ಲಿದ್ದ, ಈಗ ಇಗರ್ಜಿಯ ವಾರ್ಡಿನ ಗುರ್ಕಾರ, ಅಂದರೆ ಮುಖಂಡರಾಗಿರುವ ಹಳೆಯ ಸಹೋದ್ಯೋಗಿ. ಅವರ ಕೂಟದಲ್ಲಿ ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಶುಭಸಂದೇಶವನ್ನು ಸ್ವಲ್ಪ ಸ್ವಲ್ಪವಾಗಿ ಓದಿ ಚರ್ಚಿಸುತ್ತಾರೆ. ಎಲ್ಲರೂ ಒಪ್ಪಿ ತಲೆಯಾಡಿಸಿ, ಚಹಾ ಕುಡಿದು ಏಳುವುದೇ ಆಗಿದೆ, ಒಪ್ಪದವರೊಬ್ಬರು ಬೇಕು ಎಂದರು. ತಮ್ಮೊಳಗೆ ಕೊಂಕಣಿಯಲ್ಲಿ ಮಾತಾಡುವವರು ನನಗಾಗಿ ಕನ್ನಡಕ್ಕೆ ಹೊರಳುತ್ತಾರೆ. ಬಿಸಿ ಏರಿದಾಗ ಮಾತ್ರ ಮತ್ತೆ ಕೊಂಕಣಿಗೆ ಜಾರುತ್ತಾರೆ.

ನನ್ನನ್ನು ಅಲ್ಲಿ ಹಿಡಿದಿಟ್ಟದ್ದು ಕ್ರೈಸ್ತ ಮತದ ಆದಿ ಪ್ರಚಾರಕ ಪೌಲನ ಒಂದು ಮಾತು. ಕ್ರಿಸ್ತನು ಸತ್ತವರೊಳಗಿಂದ ಎದ್ದಿಲ್ಲವಾದರೆ ನಮ್ಮ ಬೋಧನೆಯೂ ವ್ಯರ್ಥ, ನಿಮ್ಮ ನಂಬಿಕೆಯೂ ವ್ಯರ್ಥ ಎಂಬ ಅರ್ಥದಲ್ಲಿ ಆತ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಒಂದು ಘಟನೆ ನಡೆದಿಲ್ಲವಾದರೆ ತನ್ನ ಮತವೇ ಬಿದ್ದುಹೋಗುತ್ತದೆಂದು ಅದರ ಪ್ರಚಾರಕನೇ ಬರೆದುಕೊಟ್ಟಿರುವಾಗ, ಆ ಘಟನೆಗೆ ಸಾಕ್ಷ್ಯವೇನೆಂದು ಕೇಳುವುದು ಅಧಿಕಪ್ರಸಂಗವಾಗದು. ಹಾಗಾಗಿ ಕೇಳಿದೆ. ಯೇಸುವಿನ ಮರಣ ಸುಮಾರು ಕ್ರಿ.ಶ. 30ರಲ್ಲಿ, ಪೌಲನ ಪತ್ರ 55ರ ಆಸುಪಾಸಿನಲ್ಲಿ, ಮಾರ್ಕನ ಬರಹ 70ರ ಹೊತ್ತಿಗೆ ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಲೆಕ್ಕ. ಇದಲ್ಲದೆ, ಮಾರ್ಕನ ಸಂಪೂರ್ಣ ಪಾಠವಿರುವ ಅತಿ ಹಳೆಯ ಎರಡು ಹಸ್ತಪ್ರತಿಗಳು, ಎರಡೂ ನಾಲ್ಕನೆಯ ಶತಮಾನದವು, ಸಮಾಧಿ ಬರಿದಾಗಿರುವುದನ್ನು ಕಂಡ ಹೆಂಗಸರು ಹೆದರಿ ಯಾರಿಗೂ ಏನೂ ಹೇಳದೆ ಓಡಿದರು ಎಂಬಲ್ಲಿಗೇ ನಿಂತುಬಿಡುತ್ತವೆ. ಎದ್ದುಬಂದ ಯೇಸು ಶಿಷ್ಯರಿಗೆ ಕಾಣಿಸಿಕೊಳ್ಳುವ ಮುಂದಿನ ವಾಕ್ಯಗಳು ಅವುಗಳಲ್ಲಿಲ್ಲ. ಇದನ್ನು ಹೇಳಿದರೆ ಫಾದರ್ ಮುನಿಸಿಕೊಂಡಾರೆಂದು ಎಣಿಸಿದ್ದೆ. ಅವರು ಕೂಡಲೇ ಒಪ್ಪಿದರು. ಆ ಭಾಗ ಬಳಿಕ ಸೇರಿದ್ದೆಂದು ಸೆಮಿನರಿಯಲ್ಲೇ ಕಲಿಸುತ್ತಾರೆ ಎಂದರು. ಆದರೆ ಮಾರ್ಕನಿಗಿಂತ ಮೊದಲೇ ಬರೆದ ಪೌಲನು, ಐನೂರಕ್ಕೂ ಹೆಚ್ಚು ಮಂದಿ ಆತನನ್ನು ಒಮ್ಮೆಗೇ ಕಂಡರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನಲ್ಲ, ಬೇಕಾದರೆ ಹೋಗಿ ವಿಚಾರಿಸಿ ಎಂದಂತಾಗಲಿಲ್ಲವೇ ಎಂದು ಮರುಪ್ರಶ್ನೆ ಹಾಕಿದರು. ಪ್ರಶ್ನೆ ಒಳ್ಳೆಯದೇ. ಆದರೆ ಆ ಐನೂರು ಮಂದಿಯಲ್ಲಿ ಒಬ್ಬರ ಹೇಳಿಕೆಯೂ ನಮಗೆ ಉಳಿದಿಲ್ಲ, ಇರುವುದು ಪೌಲನ ಮಾತೊಂದೇ ಎಂದು ನಾನು ವಾದಿಸಿದೆ, ಈಗಲೂ ವಾದಿಸುತ್ತೇನೆ. ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ ಯೇಸುವಿಗೆ ಮರಣದಂಡನೆಯಾಯಿತೆಂಬುದನ್ನು ಕ್ರೈಸ್ತನಲ್ಲದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೂಡ ಎರಡನೆಯ ಶತಮಾನದ ಆರಂಭದಲ್ಲಿ ಬರೆದಿರುವುದರಿಂದ ಶಿಲುಬೆಯವರೆಗೆ ನನಗೆ ತಕರಾರಿಲ್ಲ. ಅದರಾಚೆಗೆ ನನ್ನ ಕಾಲು ಮುಂದೆ ಹೋಗುತ್ತಿಲ್ಲ.

ಇನ್ನೊಂದು ಪ್ರಶ್ನೆ ಯಾವುದೆಂದು ನೀನೇ ಊಹಿಸಬಲ್ಲೆ. ನಮ್ಮ ಕಾಸರಗೋಡಿನ ಎಣ್ಮಕಜೆಯ ಕಡೆಯ ಮಕ್ಕಳನ್ನು ನೀನೂ ಕಂಡವಳು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು 2000ದವರೆಗೂ ನಡೆಯಿತು. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ತಪ್ಪು ಮನುಷ್ಯರದೆಂಬುದು ಸ್ಪಷ್ಟ. ಆದರೆ ತಲೆ ಎತ್ತಲಾಗದೆ ಚಾಪೆಯ ಮೇಲೆ ಮಲಗಿದ ಮಗುವನ್ನು ಪ್ರೀತಿಸುವ, ಸರ್ವಶಕ್ತನಾದ ದೇವರು ಆಗ ಏನು ಮಾಡುತ್ತಿದ್ದ ಎಂದು ಕೇಳಿದೆ. ಇಂಜಿನಿಯರಿಂಗ್ ಮುಗಿಸಿದ ಹುಡುಗನೊಬ್ಬ ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಉದ್ದಕ್ಕೆ ಹೇಳಿದ. ಪೂರ್ವಕರ್ಮವೆಂದು ನಮ್ಮವರು ಕೈತೊಳೆದುಕೊಳ್ಳುವುದನ್ನು ಕೇಳಿದಾಗ ಹತ್ತುವ ಸಿಟ್ಟೇ ನನಗೆ ಅವನ ಮಾತಿಗೂ ಹತ್ತಿತು.

ಆಗ ಮೂಲೆಯಲ್ಲಿದ್ದ ವಯಸ್ಸಾದ ಬಾಯಮ್ಮ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಮಾಷ್ಟ್ರೇ, ನನಗೆ ಗೊತ್ತಿಲ್ಲ. ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಅಂತ ಶಿಲುಬೆಯಲ್ಲಿ ಅವನೇ ಕೇಳಿದನಲ್ಲ, ಅವನಿಗೂ ಆಗ ಉತ್ತರ ಬರಲಿಲ್ಲ," ಎಂದರು. ಅದು ಬೈಬಲಿನ 22ನೆಯ ಕೀರ್ತನೆಯ ಮೊದಲ ಸಾಲು, ಆ ಕೀರ್ತನೆ ಭರವಸೆಯಲ್ಲಿ ಮುಗಿಯುತ್ತದೆ ಎಂದು ಹುಡುಗ ತಿದ್ದಲು ಹೋದ. "ಮುಗಿಯುತ್ತದೆ ಮಗಾ, ಆದರೆ ಅವನು ಅಷ್ಟೇ ಹೇಳಿದ್ದು," ಎಂದು ಬಾಯಮ್ಮ ಬಿಟ್ಟುಕೊಡಲಿಲ್ಲ.

ಇದು ನನ್ನ ಪ್ರಶ್ನೆಗೆ ಉತ್ತರವಲ್ಲ, ಉತ್ತರವೆಂದು ಅವರು ಹೇಳಿಕೊಳ್ಳಲೂ ಇಲ್ಲ. ಆದರೆ ದೇವರ ಮಗನೆಂದು ತಾವು ಸಾರುವವನ ಬಾಯಲ್ಲೇ ಇಂಥ ಮಾತನ್ನು ಅಳಿಸದೆ ಉಳಿಸಿಕೊಂಡವರನ್ನು ಮೂಢರೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಪ್ರಾರ್ಥನೆಯ ಹೊತ್ತಿಗೆ ನಾನು ಕೈಮುಗಿಯದೆ ಕುಳಿತಿರುತ್ತೇನೆ. ಯಾರೂ ಅದನ್ನು ಎತ್ತಿ ಆಡಿಲ್ಲ.

ಮಾರ್ಕನ ಬಳಿಕ ಪೌಲನ ಆ ಪತ್ರವನ್ನೇ ಓದೋಣವೆಂದು ಗುರ್ಕಾರರು ಹೇಳಿದ್ದಾರೆ. ಐನೂರು ಸಾಕ್ಷಿಗಳ ಕುರಿತ ನನ್ನ ಆಕ್ಷೇಪಗಳನ್ನು ಬರೆದಿಟ್ಟಿದ್ದೇನೆ. ವಾದದಲ್ಲಿ ನೀನು ನನಗಿಂತ ಚುರುಕು. ನಿನ್ನ ಆಕ್ಷೇಪಗಳೇನಾದರೂ ಇದ್ದರೆ ಬರೆದು ಕಳುಹಿಸು, ನಿನ್ನ ಹೆಸರಿನಲ್ಲೇ ಕೇಳುತ್ತೇನೆ.

ಇಂತಿ,
ನಿನ್ನ ಅಪ್ಪ