ಆರು ಸಿಲಿಂಡರಿನ ಗಾಡಿಗೆ ನಾಲ್ಕು ಇಂಜೆಕ್ಟರಿನ ರಿಪೋರ್ಟು: ಸರ್ವೀಸ್ ಸೆಂಟರಿಗೊಂದು ದೂರು

ಗೆ,
ಸರ್ವೀಸ್ ವಿಭಾಗದ ವ್ಯವಸ್ಥಾಪಕರು,
ಬೆಂಗಳೂರು ವರ್ಕ್‌ಶಾಪ್.

ವಿಷಯ: 2004ರ ಬಿಎಂಡಬ್ಲ್ಯು ಝೆಡ್4 3.0ಐ ಕಾರಿನ ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ನಳಿಕೆ) ಕ್ಲೀನಿಂಗ್‌ನಲ್ಲಿ ಸೇವಾ ನ್ಯೂನತೆ ಮತ್ತು ವಾರಂಟಿ ನಿರಾಕರಣೆ.

ಮಾನ್ಯರೇ,

ಈ ವಿಷಯವಾಗಿ ನಾಲ್ಕು ಸಲ ಫೋನ್ ಮಾಡಿದ್ದಾಯಿತು, ಎರಡು ಸಲ ಖುದ್ದಾಗಿ ಬಂದದ್ದೂ ಆಯಿತು. ಪ್ರತಿ ಸಲವೂ "ನಾಳೆ ಕಾಲ್ ಮಾಡ್ತೀವಿ ಸಾರ್" ಎಂಬ ಉತ್ತರ. ಹಿಂದೆ ನಮ್ಮ ಊರುಗಳಲ್ಲಿ ದೆವ್ವ ಬಾರದಿರಲಿ ಎಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ನೀವು ಅದನ್ನು ದುಡ್ಡು ಕೊಟ್ಟ ಗಿರಾಕಿಗೆ ಬಳಸುತ್ತಿದ್ದೀರಿ. ಹಾಗಾಗಿ ಲಿಖಿತದಲ್ಲಿ ಕೊಡುತ್ತಿದ್ದೇನೆ.

ಗಾಡಿ ಬಿಡುವಾಗಲೇ ದೋಷದ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೆ. ಪಿ0305 ಕೋಡ್, ಅಂದರೆ ಐದನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದ ಮಿಸ್‌ಫೈರ್. ಕಿಡಿ ಕೊಡುವ ಐದರ ಕಾಯಿಲ್ ಮತ್ತು ಪ್ಲಗ್ ಎರಡನ್ನೂ ಎರಡನೇ ಸಿಲಿಂಡರಿಗೆ ಬದಲಿಸಿ ಓಡಿಸಿದರೂ ದೋಷ ಐದರಲ್ಲೇ ಉಳಿಯಿತು. ಈ ಗಾಡಿಯ ಎಂ54 ಎಂಜಿನ್‌ನಲ್ಲಿ ಮೊದಲು ಸಂಶಯಪಡಬೇಕಾದ ಡೀಸಾ ವಾಲ್ವ್ (ಒಳಬರುವ ಗಾಳಿಯ ದಾರಿ ಬದಲಿಸುವ ಕವಾಟ), ಇನ್‌ಟೇಕಿನ ರಬ್ಬರ್ ಬೂಟ್, ಕ್ರ್ಯಾಂಕ್‌ಕೇಸ್ ಉಸಿರಾಟದ ಪೈಪುಗಳು, ಎಲ್ಲಕ್ಕೂ ಹೊಗೆ ಊದಿ ಸ್ಮೋಕ್ ಟೆಸ್ಟ್ ಆಗಿತ್ತು; ಎಲ್ಲೂ ಗಾಳಿ ಸೋರಿಕೆ ಇರಲಿಲ್ಲ. ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಗಾಡಿಯ ಕಂಪ್ಯೂಟರ್ ತಾನಾಗಿ ಹೆಚ್ಚಿಸಿಕೊಳ್ಳುವ ಪೆಟ್ರೋಲಿನ ಶೇಕಡಾ ಲೆಕ್ಕ, ಮೊದಲ ಬ್ಯಾಂಕಿನಲ್ಲಿ (ಸಿಲಿಂಡರ್ 1ರಿಂದ 3) +6, ಎರಡನೆಯದರಲ್ಲಿ (4ರಿಂದ 6) +14. ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆತ ಇಂದಿನ ಇ20 ಪೆಟ್ರೋಲಿಗೆ ಹಳೇ ಗಾಡಿಯಲ್ಲಿ ಆರೇಳರಷ್ಟು ಏರುವುದು ಸಹಜ, ಆದರೆ ಅದು ಎರಡೂ ಬ್ಯಾಂಕಿನಲ್ಲಿ ಒಂದೇ ಸಮ ಏರಬೇಕು. ಒಂದೇ ಕಡೆ ಹದಿನಾಲ್ಕು ಎಂದರೆ ಆ ಕಡೆಯ ಒಂದು ಇಂಜೆಕ್ಟರ್ ಕಟ್ಟಿಕೊಂಡಿದೆ. ಬೇರಾರೋ ಹುಡುಕಿಕೊಟ್ಟ ರೋಗಕ್ಕೆ ಔಷಧ ಕೊಡುವುದಷ್ಟೇ ನಿಮ್ಮ ಪಾಲಿಗೆ ಉಳಿದಿತ್ತು.

ಮಾರ್ಚ್ 3ರ ಬಿಲ್ಲಿನಲ್ಲಿ ಏನಿದೆ ಎಂದು ನಿಮಗೇ ಗೊತ್ತು: ಆರು ಇಂಜೆಕ್ಟರ್ ಬಿಚ್ಚಿ ಅಲ್ಟ್ರಾಸಾನಿಕ್ ಕ್ಲೀನಿಂಗ್ ₹7,200, ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ) ಮತ್ತು ಫಿಲ್ಟರ್ ಕಿಟ್ ₹3,600, ಲೇಬರ್ ₹4,500, ಜಿಎಸ್‌ಟಿ ಸೇರಿ ₹18,054. ಅದರ ಜೊತೆ ಪಿನ್ ಮಾಡಿದ ಫ್ಲೋ ಟೆಸ್ಟ್ ರಿಪೋರ್ಟಿನಲ್ಲಿ, ಅಂದರೆ ಯಾವ ಇಂಜೆಕ್ಟರ್ ಎಷ್ಟು ಬಿಡುತ್ತದೆ ಎಂಬ ಅಳತೆಯಲ್ಲಿ, ಇಂಜೆಕ್ಟರಿಗೊಂದರಂತೆ ನಾಲ್ಕು ಕಾಲಂ. ನಾಲ್ಕು. ಈ ಎಂಜಿನ್ ಸಾಲಾಗಿ ಆರು ಸಿಲಿಂಡರಿನದು. ಬಾನೆಟ್ ಎತ್ತಿದವರಿಗೆ ಎಣಿಸಲು ಕಷ್ಟವಾಗಬಾರದು. ಇನ್ನೆರಡು ಇಂಜೆಕ್ಟರುಗಳ ಅಂಕಿ ಯಾವ ಸ್ವಿಫ್ಟ್‌ನವರ ಫೈಲಿನಲ್ಲಿದೆಯೋ ಹುಡುಕಿಸಿ.

ಹನ್ನೊಂದನೇ ದಿನದಿಂದ ಬೆಳಗ್ಗೆ ಗಾಡಿ ಎಂಟು ಹತ್ತು ಸೆಕೆಂಡ್ ಕ್ರ್ಯಾಂಕ್ ಆದ ಮೇಲೇ ಸ್ಟಾರ್ಟ್, ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ. ಐದನೇ ಇಂಜೆಕ್ಟರ್ ರೇಲಿಗೆ (ಆರೂ ಇಂಜೆಕ್ಟರಿಗೆ ಪೆಟ್ರೋಲ್ ಹಂಚುವ ಕೊಳವೆಗೆ) ಸೇರುವಲ್ಲಿ ಟಿಶ್ಯೂ ಒತ್ತಿದರೆ ಒದ್ದೆಯಾಗುತ್ತಿತ್ತು. ಈ ಎಂಜಿನ್‌ನಲ್ಲಿ ಸ್ಟಾರ್ಟರ್ ಮೋಟಾರ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಗಳ) ಕೆಳಗೇ. ಅಲ್ಲಿಗೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಎಂದು ವರ್ಕ್‌ಶಾಪ್ ನಡೆಸುವವರಿಗೆ ಬಿಡಿಸಿ ಹೇಳುವುದು ಬೇಡ.

ಬಿಲ್ಲಿನ ಹಿಂಬದಿಯ 4ನೇ ಷರತ್ತಿನ ಪ್ರಕಾರ ಕೆಲಸಕ್ಕೆ ಆರು ತಿಂಗಳು ವಾರಂಟಿ. ಅದನ್ನು ನಂಬಿ ಮಾರ್ಚ್ 17ರಂದು ಗಾಡಿಯನ್ನು ಟೋ ಮಾಡಿಸಿ ತಂದೆ. ಮುಕ್ಕಾಲು ಗಂಟೆ ಕೂರಿಸಿದ ಮೇಲೆ ನಿಮ್ಮ ಸರ್ವೀಸ್ ಅಡ್ವೈಸರ್ ಟ್ಯಾಬ್ ಹಿಡಿದು ಬಂದರು. ಮುಂದಿನದನ್ನು ನಡೆದ ಹಾಗೇ ಬರೆಯುತ್ತೇನೆ.

"ಸಾರ್, ಇದು ವಾರಂಟೀಲಿ ಬರಲ್ಲ. ನೀವು ಇ85 ಹಾಕಿಸಿದ್ದೀರ."

"ಏನು ಹಾಕಿಸಿದ್ದೀನಿ?"

"ಇ85 ಸಾರ್. ಎಂಬತ್ತೈದು ಪರ್ಸೆಂಟ್ ಎಥನಾಲ್. ಅದಕ್ಕೇ ರಬ್ಬರೆಲ್ಲ ಹೋಗಿದೆ. ಜಾಬ್ ಕಾರ್ಡಲ್ಲೇ ಎಂಟ್ರಿ ಇದೆ ನೋಡಿ."

ನೋಡಿದೆ. ಅಲ್ಲಿ ಇದ್ದದ್ದು "ಝೆಡ್4, ಇ85". ನಿಮ್ಮವರೇ ಟೈಪ್ ಮಾಡಿದ್ದು. ಅದು ಈ ಮಾಡೆಲಿಗೆ ಕಂಪನಿ ಇಟ್ಟ ಚಾಸಿ ಕೋಡ್, ಪೆಟ್ರೋಲಿನ ಹೆಸರಲ್ಲ ಎಂದು ಹೇಳಿದೆ.

"ಸಾರ್, ನಾವು ದಿನಾ ಹತ್ತು ಗಾಡಿ ನೋಡ್ತೀವಿ."

ಪಕ್ಕದ ಸೋಫಾದಲ್ಲಿದ್ದ ದಂಪತಿ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು. ಕಾಫಿ ಮಷೀನಿನ ಹುಡುಗನೂ ಕಪ್ಪು ಹಿಡಿದು ನಿಂತ. ಅಡ್ವೈಸರ್ ತಮ್ಮ ಸೀನಿಯರ್ ಅನ್ನು ಕರೆದರು. ಅವರು ಟ್ಯಾಬ್ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಬೆರಳಲ್ಲಿ ದೊಡ್ಡದು ಮಾಡಿ ಓದಿದರು. "ಹೌದು ಸಾರ್, ಇ85 ಅಂತಾನೇ ಇದೆ" ಎಂದರು. ಗೂಗಲ್ ಮಾಡಿ ನೋಡಿ ಎಂದೆ. "ನೀವು ಯೂಟ್ಯೂಬ್ ಜಾಸ್ತಿ ನೋಡ್ತೀರ ಅನ್ಸುತ್ತೆ" ಎಂದು ನಕ್ಕು, ಹೊಸ ಆರು ಇಂಜೆಕ್ಟರಿಗೆ ₹78,000ದ ಎಸ್ಟಿಮೇಟ್ ಕೈಗಿಟ್ಟರು. ಏಳುವಾಗ ಒಂದು ಕಿವಿಮಾತು ಬೇರೆ: "ನೆಕ್ಸ್ಟ್ ಟೈಮ್ ನಾರ್ಮಲ್ ಪೆಟ್ರೋಲ್ ಹಾಕ್ಸಿ ಸಾರ್, ಗಾಡಿ ಚೆನ್ನಾಗಿರುತ್ತೆ." ದಂಪತಿಯಲ್ಲಿ ಗಂಡನಾದವರು ಹೌದೆಂಬಂತೆ ತಲೆಯಾಡಿಸಿದರು.

ಆ ದಿನ ನಿಮ್ಮ ಅಂಗಳದಲ್ಲಿ ಒಂದು ಇ46, ಎರಡು ಇ90 ಚಾಸಿಯ ಬಿಎಂಡಬ್ಲ್ಯುಗಳು ನಿಂತಿದ್ದವು. ಅವುಗಳ ಮಾಲೀಕರು ಎಷ್ಟೆಷ್ಟು ಪರ್ಸೆಂಟ್ ಎಥನಾಲ್ ಹಾಕಿಸುತ್ತಾರೆ ಎಂದೂ ದಯವಿಟ್ಟು ವಿಚಾರಿಸಿಕೊಳ್ಳಿ. ನಿಜವಾಗಿ ಇ85 ಹಾಕಿದ್ದರೆ ಎಂಜಿನ್‌ಗೆ ಮಾಮೂಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಹೆಚ್ಚುವರಿ ಇಂಧನ ಬೇಕಾಗಿ ಎರಡೂ ಬ್ಯಾಂಕಿನ ಟ್ರಿಮ್ ಮಿತಿಗೆ ಹೋಗಿ ಬಡಿಯುತ್ತಿತ್ತು. ಸ್ಕ್ಯಾನರ್ ಹಚ್ಚಿದ್ದರೆ ಎರಡು ನಿಮಿಷದಲ್ಲಿ ಕಾಣುತ್ತಿತ್ತು. ಯಾರೂ ಹಚ್ಚಲಿಲ್ಲ.

ಮಾರ್ಚ್ 24ರಂದು ಬೇರೊಂದು ವರ್ಕ್‌ಶಾಪಿನಲ್ಲಿ, ಫೋಟೋ ತೆಗೆಯುತ್ತ, ರೇಲ್ ಬಿಚ್ಚಿಸಿದೆ. ಮೊದಲು ರೇಲಿನ ವಾಲ್ವಿಗೆ ಗೇಜ್ ಕೂರಿಸಿ ನೋಡಿದರೆ 3.5 ಬಾರ್ ಇದ್ದ ಒತ್ತಡ ಅರ್ಧ ಗಂಟೆಯಲ್ಲಿ 1.2ಕ್ಕೆ ಇಳಿಯಿತು. ರೇಲಿಗೆ ಬರುವ ಪೈಪಿಗೆ ಕ್ಲ್ಯಾಂಪ್ ಹಾಕಿದ ಮೇಲೂ ಇಳಿಯಿತು, ಹಾಗಾಗಿ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ತಪ್ಪಿತಸ್ಥನಲ್ಲ.

ಒಳಗೆ ಕಂಡದ್ದು ಇದು. ಕೆಳಗಿನ, ಅಂದರೆ ಮ್ಯಾನಿಫೋಲ್ಡಿನ ಕಡೆಯ, ಆರೂ ಓ-ರಿಂಗ್‌ಗಳು ಹಳೆಯವೇ, ಉಗುರು ಒತ್ತಿದರೆ ಇಳಿಯದಷ್ಟು ಗಟ್ಟಿ. ಐದು ಇಂಜೆಕ್ಟರುಗಳ ಬುಡದಲ್ಲಿ ವರ್ಷಗಟ್ಟಲೆ ಕೂತ ಧೂಳಿನ ಹೆಪ್ಪು ಕದಲಿರಲಿಲ್ಲ. ಅಂದರೆ ನೀವು ರೇಲ್ ಮಾತ್ರ ಮೇಲಕ್ಕೆ ಕಿತ್ತು, ಇಂಜೆಕ್ಟರುಗಳನ್ನು ಮ್ಯಾನಿಫೋಲ್ಡಿನಲ್ಲೇ ಬಿಟ್ಟು, ರೇಲಿನ ಕಡೆಯ ಮೇಲಿನ ರಿಂಗ್ ಮಾತ್ರ ಬದಲಿಸಿದ್ದೀರಿ. ಮ್ಯಾನಿಫೋಲ್ಡಿನಿಂದ ಹೊರಗೇ ಬಾರದ ಇಂಜೆಕ್ಟರ್ ಅಲ್ಟ್ರಾಸಾನಿಕ್ ತೊಟ್ಟಿಗೆ ಇಳಿದದ್ದು ಹೇಗೆ? ಐದನೆಯದನ್ನು ಮಾತ್ರ ಹಿಡಿದು ತಿರುವಿದ ಗುರುತಿತ್ತು. ಅದರ ಕೆಳ ರಿಂಗು ಸೀಳಿತ್ತು. ಐಡಲ್‌ನಲ್ಲಿ ಎರಡನೇ ಬ್ಯಾಂಕಿನ ಟ್ರಿಮ್ ನಿಮ್ಮ ಸರ್ವೀಸಿನ ನಂತರ +14ರಿಂದ +19ಕ್ಕೆ ಏರಿ, 2,500 ಆರ್‌ಪಿಎಂನಲ್ಲಿ ಇಳಿಯುತ್ತಿದ್ದದ್ದಕ್ಕೆ ಅಲ್ಲಿಂದ ಎಳೆದುಕೊಳ್ಳುತ್ತಿದ್ದ ಗಾಳಿಯೇ ಕಾರಣ.

ಇನ್ನು ನೀವು ಹಾಕಿದ ಮೇಲಿನ ರಿಂಗುಗಳು. ಇಲ್ಲಿ ಬೇಕಾದದ್ದು ಪೆಟ್ರೋಲ್ ತಡೆದುಕೊಳ್ಳುವ ವೈಟಾನ್ ರಬ್ಬರ್, 3.53 ಮಿ.ಮೀ. ದಪ್ಪದ್ದು. ಬಣ್ಣ ನೋಡಿ ವೈಟಾನ್ ಯಾವುದು, ಸಾಮಾನ್ಯ ನೈಟ್ರೈಲ್ ಯಾವುದು ಎಂದು ಹೇಳಲಾಗದು, ದಪ್ಪ ಅಳೆಯುವ ವರ್ನಿಯರ್ ಹೇಳುತ್ತದೆ: ಮೂರು ವಾರದಲ್ಲಿ ನಿಮ್ಮ ರಿಂಗು 4.1 ಮಿ.ಮೀ.ಗೆ ಊದಿಕೊಂಡಿತ್ತು. ಐದನೆಯದರಲ್ಲಿ ಒಂದು ಕಡೆ ಹೆರೆದು ಸಿಪ್ಪೆ ಎದ್ದಿತ್ತು. ಎಂಜಿನ್ ಆಯಿಲ್ ಒಂದು ಹನಿಯೂ ಸವರದೆ, ರೇಲನ್ನು ಓರೆಯಾಗಿ ಗುದ್ದಿ ಕೂರಿಸಿದರೆ ಹಾಗೇ ಆಗುವುದು. ಆರೂ ಇಂಜೆಕ್ಟರನ್ನು ಮೊದಲು ರೇಲಿಗೆ ಕ್ಲಿಪ್ ಮಾಡಿ, ಎರಡೂ ತುದಿ ಒಟ್ಟಿಗೆ ಅಂಗೈಯಲ್ಲಿ ಒತ್ತಿ ಇಳಿಸಿ, ಆಮೇಲೆ ಬೋಲ್ಟ್ 10 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಸ್ಟಾರ್ಟ್ ಮಾಡುವ ಮೊದಲು ಮೂರು ಸಲ ಇಗ್ನಿಷನ್ ಆನ್ ಆಫ್ ಮಾಡಿ, ಕನ್ನಡಿ ಹಿಡಿದು ಸೋರಿಕೆ ನೋಡಬೇಕು. ನೀವು ಗಿರಾಕಿಗಳಿಗೆ ತೋರಿಸಲು ಗೋಡೆಗೆ ಹಾಕಿರುವ ಚಾರ್ಟಿನಲ್ಲೂ ಇದೇ ಇದೆ.

ಐದನೇ ಇಂಜೆಕ್ಟರಿನ ತಲೆಯ ರಂಧ್ರದೊಳಗೆ ಹಳೇ ಫಿಲ್ಟರ್ ಬುಟ್ಟಿಯೇ ಇತ್ತು, ತುಂಬ ತುಕ್ಕಿನ ಪುಡಿ. ಬೆಂಚಿನ ಮೇಲೆ 15 ಸೆಕೆಂಡಿಗೆ ಉಳಿದ ಐದೂ 58ರಿಂದ 59 ಮಿ.ಲೀ. ಕೊಟ್ಟರೆ ಇದು ಕೊಟ್ಟದ್ದು 51. ಸ್ಪ್ರೇ ಮಂಜಿನಂತೆ ಹರಡದೆ ಒಂದು ಬದಿಗೆ ಗೆರೆ ಹೊಡೆಯುತ್ತಿತ್ತು. ಫಿಲ್ಟರ್ ಕಿತ್ತು, ಹಿಮ್ಮುಖವಾಗಿ ಫ್ಲಶ್ ಮಾಡಿ, ಅಲ್ಟ್ರಾಸಾನಿಕ್‌ನಲ್ಲಿ ಅರ್ಧ ಗಂಟೆ ಮಿಡಿಯಲು ಬಿಟ್ಟು, ಹೊಸ ಫಿಲ್ಟರ್ ಒತ್ತಿದ ಮೇಲೆ 58. ಖರ್ಚು ₹9,440. ಮಿಸ್‌ಫೈರ್ ಇಲ್ಲ, ವಾಸನೆ ಇಲ್ಲ, ಟ್ರಿಮ್ ಎರಡೂ ಕಡೆ +6. ಪೆಟ್ರೋಲ್ ಅದೇ ಬಂಕಿನದು. ನೀವು ₹78,000ಕ್ಕೆ ಬದಲಿಸಬೇಕೆಂದ ಆರು ಇಂಜೆಕ್ಟರುಗಳೂ ಗಾಡಿಯಲ್ಲೇ ಇವೆ.

7ನೇ ಷರತ್ತಿನಂತೆ ಬಿಚ್ಚಿದ ಹಳೇ ಭಾಗಗಳನ್ನು ಗಿರಾಕಿಗೆ ಮರಳಿಸಬೇಕು. ಹನ್ನೆರಡು ಓ-ರಿಂಗ್ ಮತ್ತು ಆರು ಫಿಲ್ಟರಿಗೆ ಬಿಲ್ ಮಾಡಿದ್ದೀರಿ, ಒಂದೂ ಕೊಟ್ಟಿಲ್ಲ. ಕೆಳಗಿನ ಆರು ರಿಂಗ್, ಆರು ಫಿಲ್ಟರ್ ಗಾಡಿಯಲ್ಲೇ ಇದ್ದುದರಿಂದ ಅವನ್ನು ಕೊಡುವುದು ನಿಮಗೆ ಕಷ್ಟವೇ, ಒಪ್ಪುತ್ತೇನೆ.

₹18,054, ಎರಡನೇ ವರ್ಕ್‌ಶಾಪಿನ ₹9,440, ಟೋ ಬಾಡಿಗೆ ₹2,500, ಒಟ್ಟು ₹29,994 ಹದಿನೈದು ದಿನದೊಳಗೆ ನನ್ನ ಖಾತೆಗೆ ಬರಬೇಕು. ಮುಂದಿನ ಸರ್ವೀಸಿನ ಡಿಸ್ಕೌಂಟ್ ಕೂಪನ್, ಫ್ರೀ ವಾಶ್ ಕಳಿಸಬೇಡಿ. ಮುಂದಿನ ಸರ್ವೀಸ್ ನಿಮ್ಮಲ್ಲಿಲ್ಲ. ಹದಿನಾರನೇ ದಿನ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 35ನೇ ಕಲಮಿನಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ದಾಖಲಿಸಲು ಎರಡು ವರ್ಷ ಅವಕಾಶವಿದೆ, ನನಗೆ ಪುರುಸೊತ್ತೂ ಇದೆ. ಊದಿದ ರಿಂಗು, ಸೀಳಿದ ರಿಂಗು, ತುಕ್ಕು ತುಂಬಿದ ಫಿಲ್ಟರ್ ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ತಾರೀಖು ಬರೆದು ಇಟ್ಟಿದ್ದೇನೆ. ನಾಲ್ಕು ಕಾಲಂನ ರಿಪೋರ್ಟಿನ ಅಸಲೂ ನನ್ನ ಬಳಿಯೇ ಇದೆ. ಇ85 ಎಂದರೇನು ಎಂದು ಆಯೋಗದ ಮುಂದೆ ವಿವರಿಸಲು ಅದೇ ಅಡ್ವೈಸರ್ ಮತ್ತು ಅದೇ ಸೀನಿಯರ್ ಅವರನ್ನೇ ಕಳಿಸಿಕೊಡಿ. ಟ್ಯಾಬ್ ತರಲು ಮರೆಯದಿರಲಿ.

ಇಂತಿ,
ಗಾಡಿಯ ಮಾಲೀಕ
ಬೆಂಗಳೂರು, ಏಪ್ರಿಲ್ 6